ಹಳೇ ಬೈಕು ಸೋರಲೇಬೇಕಾ?

ಹಳೇ ಬೈಕು ಅಂದಮೇಲೆ ಎಂಜಿನ್‌ನಿಂದ ಎಣ್ಣೆ ಸೋರುತ್ತದೆ. ಸೋರದಿದ್ದರೆ ಒಳಗೆ ಎಣ್ಣೆಯೇ ಇಲ್ಲ ಎಂದರ್ಥ. ಈ ಮಾತನ್ನು ನೀವೂ ಕೇಳಿರುತ್ತೀರಿ. ಹೇಳುವವರು ನಗುತ್ತಾರೆ, ಕೇಳುವವರು ತಲೆಯಾಡಿಸುತ್ತಾರೆ. ಯಾರಾದರೂ ಬಗ್ಗಿ ನೋಡಿದ್ದಾರಾ?

ನಾನು ನೋಡಿದೆ. ಕಾರಣವಿತ್ತು. ತಮಿಳುನಾಡಿನ ಧರ್ಮಪುರಿಯ ಒಂದು ಟ್ಯೂಷನ್ ಸೆಂಟರಿನಲ್ಲಿ ನನಗೆ ಕೆಲಸ ಸಿಕ್ಕಿದೆ. ಕ್ಲಾಸ್ ಮುಗಿಯುವಾಗ ಕತ್ತಲಾಗುತ್ತದೆ, ಆಮೇಲೆ ನಲ್ಲಂಪಳ್ಳಿ ದಾಟಿ ನಮ್ಮೂರಿಗೆ ಬಸ್ಸಿಲ್ಲ. ಅಪ್ಪನ ಬೈಕು ಸಿಕ್ಕರೆ ಕೆಲಸ, ಇಲ್ಲದಿದ್ದರೆ ಮನೆ. ಓಡಿಸಲು ಕಲಿಸಿದ್ದು ಅಪ್ಪನೇ. ಲೈಸೆನ್ಸೂ ಇದೆ. ಕೀ ಮಾತ್ರ ಕೊಡುವುದಿಲ್ಲ.

"ಎಣ್ಣೆ ಸೋರ್ತೈತೆ ಕಣಮ್ಮಾ. ಟೈರ್ ಮೇಲೆ ಬಿದ್ರೆ ಜಾರ್ತೈತೆ. ಸೋರೋದು ನಿಂತ್‌ಮೇಲೆ ನೀನೇ ಎತ್ಕೊಂಡು ಓಗು."

"ಮತ್ತೆ ರಿಪೇರಿ ಮಾಡ್ಸು."

"ಎಂಜಿನ್ ಪೂರ್ತಿ ಬಿಚ್ಬೇಕು. ಬಿಚ್ಚಿದ್ರೆ ಮೊದಲಿನಂಗೆ ಓಡಾಕಿಲ್ಲ. ಪಳೆಯ ವಂಡಿನ್ನಾ ಅಪ್ಪಡಿತ್ತಾನ್!"

(ಹಳೇ ಗಾಡಿ ಅಂದರೆ ಹಾಗೇ ಎಂದು ಅರ್ಥ. ವಾದದಲ್ಲಿ ಸೋಲುವಾಗ ಅಪ್ಪ ತಮಿಳಿಗೆ ಇಳಿಯುತ್ತಾನೆ.)

ಅದೇ ಗಾಡಿಯಲ್ಲಿ ಅಪ್ಪ ದಿನವೂ ಮಾರ್ಕೆಟ್‌ಗೆ ಹೋಗಿ ಬರುತ್ತಾನೆ. ಎಣ್ಣೆ ನನ್ನನ್ನು ಕಂಡರೆ ಮಾತ್ರ ಜಾರಿಸುತ್ತದಾ?

ಭಾನುವಾರ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಮ್ಮನ ಪೌಡರ್ ಉದುರಿಸಿದೆ.

"ಮುಖಕ್ಕೆ ಆಕ್ಕೊಳ್ಳೇ ಅಂದ್ರೆ ಬೇಡ ಅಂತೀಯ, ವಂಡಿಗೆ ಮೇಕಪ್ಪಾ?" ಎಂದಳು ಅಮ್ಮ.

"ಅದುನ್ನ ನೋಡಾಕೆ ಗಂಡಿನ್ ಕಡೇರು ಬತ್ತಾರೆ, ಸುಮ್ಕಿರಮ್ಮಾ."

ಅಪ್ಪ ಅದಿಯಮಾನ್‌ಕೋಟೆವರೆಗೆ ಹೋಗಿ ಬಂದ. ಒಣಗಿದ ಕಡೆ ಪೌಡರ್ ಬಿಳಿ, ಎಣ್ಣೆ ತಾಗಿದ ಕಡೆ ಕಪ್ಪು. ಕಪ್ಪು ಗೆರೆ ಶುರುವಾದದ್ದು ಮೇಲೆ, ಎಂಜಿನ್ ತಲೆಯ ಟ್ಯಾಪೆಟ್ ಮುಚ್ಚಳದ ಅಂಚಿನಲ್ಲಿ. ಅಲ್ಲಿಂದ ಇಳಿದಿಳಿದು ತಳದಲ್ಲಿ ತೊಟ್ಟಿಕ್ಕುತ್ತಿತ್ತು. ಅಪ್ಪ ತೊಟ್ಟಿಕ್ಕುವ ಜಾಗವನ್ನೇ ತೋರಿಸಿ ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದ. ಬಿಸಿ ಆರಿದಮೇಲೆ ಮುಚ್ಚಳ ತೆಗೆದೆ. ಒಳಗಿನ ರಬ್ಬರ್ ರಿಂಗು ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಅಷ್ಟೇ ಕಾಯಿಲೆ.

ಹೊಸದು ಕೇಳಲು ಆ ರಿಂಗನ್ನೇ ಹಿಡಿದು ಮೆಕ್ಯಾನಿಕ್ ಮುರುಗನಣ್ಣನ ಶೆಡ್‌ಗೆ ಹೋದೆ.

"ಇನ್ನೊಂದ್ ಯಾಕಮ್ಮಾ?" ಎಂದ. "ಪೊಂಗಲ್‌ಗೆ ಮುಂಚೇನೇ ನಿಮ್ಮಪ್ಪನ್ ಕೈಲಿ ಕೊಟ್ನಲ್ಲ! ನಾನೇ ಆಕ್ಕೊತೀನಿ ಅಂದ."

ದಾರಿಯುದ್ದಕ್ಕೂ ಅದೇ ಯೋಚನೆ. "ಅದು ಹಾಗೇ" ಎಂದು ಯಾರಾದರೂ ಹೇಳಿದಾಗಲೆಲ್ಲ, ಹಾಗೇ ಇದ್ದರೆ ಯಾರಿಗೆ ಅನುಕೂಲ ಎಂದು ನಾವು ಯಾಕೆ ಕೇಳುವುದಿಲ್ಲ? ಹಳೇ ಗಾಡಿ ಸೋರುವುದು ಸಹಜ. ಕತ್ತಲಾಗುವ ಮುಂಚೆ ಹೆಣ್ಣುಮಗಳು ಮನೆ ಸೇರುವುದೂ ಸಹಜ. ಎರಡನ್ನೂ ಹೇಳುವ ಬಾಯಿ ಒಂದೇ ಆದರೆ?

ಮುರುಗನಣ್ಣ ಕೊಟ್ಟ ಹೊಸ ರಿಂಗ್ ಹಾಕಿದೆ. ಅಪ್ಪನ ಕೈಲೇ ಒಂದು ಸುತ್ತು ಹೊಡೆಸಿ, ನಿಲ್ಲಿಸಿ, ಕೆಳಗೆ ಪೇಪರ್ ಹಾಸಿದೆ. ಬೆಳಿಗ್ಗೆ ಒಂದು ಹನಿಯೂ ಇಲ್ಲ.

ಅಪ್ಪ ಪೇಪರ್ ಎತ್ತಿ ಎರಡೂ ಕಡೆ ನೋಡಿದ. ಕೀ ಜೇಬಿಗೆ ಹಾಕಿಕೊಂಡ.

"ಬ್ರೇಕ್ ಯಾಕೋ ಲೂಸ್ ಐತೆ ಅನ್ಸ್ತೈತೆ ಕಣಮ್ಮಾ."

"ಬ್ರೇಕ್ ಆಮೇಲೆ ನೋಡಾಣ. ಪೊಂಗಲ್‌ಗೆ ಮುಂಚೆ ತಂದ ರಿಂಗ್ ಎಲ್ಲೈತೆ ಅಪ್ಪಾ?"