ಸಿಂಗಳೀಕದ ಮುಖ ತಿದ್ದಿದ್ದು

ಬೆಳ್ತಂಗಡಿಯ ಒಂದು ಸ್ಟುಡಿಯೋದಲ್ಲಿ ನಾನು ಫೋಟೊ ಎಡಿಟ್ ಮಾಡುತ್ತೇನೆ. ಮದುವೆಯ ಆಲ್ಬಂ ಮತ್ತು ಬೊಜ್ಜದ ಫೋಟೊ, ಇವೆರಡೇ ನಮ್ಮ ಮುಖ್ಯ ಕೆಲಸ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದ ದಿನ, ಹಾರ ಹಾಕಿ ಇಡಲು ಒಂದು ಒಳ್ಳೆಯ ಫೋಟೊ ಬೇಕು. ಹುಡುಕಿದರೆ ಸಿಗುವುದು ಯಾರದೋ ಮದುವೆಯಲ್ಲಿ ಊಟಕ್ಕೆ ಕುಳಿತಾಗ ತೆಗೆದದ್ದು. ಅದರಿಂದ ಮುಖವನ್ನು ಬಿಡಿಸಿ, ಹಿಂದೆ ನೀಲಿ ಬಣ್ಣ ಕೊಟ್ಟು, ಸುಕ್ಕು ಕಲೆಗಳ ಮೇಲೆ ಪಕ್ಕದ ನಯವಾದ ಚರ್ಮವನ್ನು ನಕಲು ತೆಗೆದು ಮುಚ್ಚಿ, ಮೈಬಣ್ಣ ಸ್ವಲ್ಪ ತಿಳಿ ಮಾಡಿ, ಕಣ್ಣಿಗೆ ಒಂದು ಬೆಳಕಿನ ಚುಕ್ಕೆ ಇಡಬೇಕು. ದಿನಚರಿಯಲ್ಲಿ ಎಲ್ಲಕ್ಕೂ ಲೆಕ್ಕ ಇಡುವುದು ನನ್ನ ಅಭ್ಯಾಸ. ಕೆಲಸಕ್ಕೆ ಸೇರಿದಂದಿನಿಂದ ಇಂಥ ಮುಖಗಳು ನಾನೂರು ದಾಟಿವೆ.

ಇದರಿಂದ ಹೊರಗೆ ಬರಬೇಕೆಂದು ಎರಡು ವರ್ಷಗಳಿಂದ ಪ್ರತಿ ರಜೆಯಲ್ಲೂ ಕ್ಯಾಮೆರಾ ಹಿಡಿದು ಕಾಡಿನಂಚಿಗೆ ಹೋಗುತ್ತಿದ್ದೆ. ನಮ್ಮ ಮನೆ ಇರುವುದು ಕಕ್ಕಿಂಜೆಯಲ್ಲಿ. ಅಲ್ಲಿಂದ ಘಾಟಿ ಹತ್ತಿರ. ಮೂಡುಬಿದಿರೆಯ ಒಬ್ಬ ಹಿರಿಯ ವನ್ಯಜೀವಿ ಛಾಯಾಗ್ರಾಹಕರಿಗೆ ಸಹಾಯಕ ಬೇಕಂತೆ ಎಂದು ಕೇಳಿ ಫೋನ್ ಮಾಡಿದೆ. "ಒಂದು ಪ್ರಾಣಿಯ ಮುಖ ತನ್ನಿ, ಸಾಕು. ಎಡಿಟ್ ನೀವೇ ಮಾಡಬೇಕು. ಪ್ರಿಂಟ್ ಹಾಕಿಸಿ ತನ್ನಿ, ಮೊಬೈಲಿನಲ್ಲಿ ನಾನು ನೋಡುವುದಿಲ್ಲ" ಅಂದರು. ಎಡಿಟ್ ಎಂಬ ಮಾತು ಕೇಳಿ ಕೆಲಸ ಸಿಕ್ಕಿಯೇ ಬಿಟ್ಟಿತು ಅಂದುಕೊಂಡೆ.

ನನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆಯದು ಒಂದು ಸಿಂಗಳೀಕದ ಚಿತ್ರ. ಮುದಿ ಹೆಣ್ಣು. ಎಲೆಗಳ ನೆರಳಿನಲ್ಲಿ ಮುಖ ಕತ್ತಲೆಯಾಗಿತ್ತು. ಮೂಗಿನ ಮೇಲೆ ಅಡ್ಡಕ್ಕೆ ಒಂದು ಹಳೆಯ ಗಾಯ, ಎಡಗಣ್ಣಿನ ಮೂಲೆಯಲ್ಲಿ ಒಂದು ನೊಣ, ಕೆನ್ನೆಯ ಬಿಳಿ ಕೂದಲಿಗೆ ಕೆಸರು. ಒಂದು ವಾರ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕುಳಿತು ತಿದ್ದಿದೆ. ಅಡ್ಡ ಬಂದ ಕೊಂಬೆ ತೆಗೆದೆ, ಮುಖದ ನೆರಳನ್ನು ತಿಳಿ ಮಾಡಿದೆ, ಹಿನ್ನೆಲೆಯನ್ನು ಮಸುಕು ಮಾಡಿದೆ, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದೆ. ಒಂಬತ್ತು ಸಲ ಬೇರೆ ಬೇರೆಯಾಗಿ ಮಾಡಿ, ಎಲ್ಲಕ್ಕಿಂತ ಸ್ವಚ್ಛವಾದದ್ದನ್ನು ಆರಿಸಿದೆ.

ಸ್ಟುಡಿಯೋದ ಅಣ್ಣ, ನನ್ನ ಯಜಮಾನರು, ಹಿಂದೆ ಬಂದು ನಿಂತು ನೋಡಿದರು. "ಚಂದ ಬಂದಿದೆ ಮಾರಾಯ. ಬೊಜ್ಜ ಯಾವಾಗ ಇದರದ್ದು? ಊಟಕ್ಕೆ ನಮಗೂ ಹೇಳಿಕೆ ಉಂಟಾ?"

"ನಿಮಗೆ ಇಲ್ಲದೆ ಇರ್ತದಾ ಅಣ್ಣ" ಅಂದು ನಾನೂ ನಕ್ಕೆ. ಬಂಟ್ವಾಳದ ಲ್ಯಾಬಿಗೆ ಹೋಗಿ ದೊಡ್ಡ ಪ್ರಿಂಟ್ ಹಾಕಿಸಿದೆ.

ಮೂಡುಬಿದಿರೆಯ ಅವರ ಮನೆಯ ಜಗಲಿಯಲ್ಲಿ ಅವರು ಆ ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ಪ್ರಾಯ ಇದಕ್ಕೆ?"

"ಮುದಿ ಸರ್. ಮೂಗಿನಲ್ಲಿ ಗಾಯದ ಗುರುತು ಸಹ ಇತ್ತು."

"ಆ ಗುರುತು ಈಗ ಎಲ್ಲಿ ಉಂಟು?"

"ತೆಗೆದೆ ಸರ್."

"ಎಂತಕ್ಕೆ?"

ಅವರು ಸಿಟ್ಟಾಗಲಿಲ್ಲ. "ಸಿಂಗಳೀಕದ ಮುಖ ಕಪ್ಪು. ನೀವು ಇದಕ್ಕೆ ಪೌಡರ್ ಹಾಕಿದ ಹಾಗೆ ಮಾಡಿದ್ದೀರಿ" ಅಂದರು.

"ಒರಿಜಿನಲ್ ತಂದಿದ್ದೇನೆ ಸರ್. ಇನ್ನೊಮ್ಮೆ ಮಾಡ್ತೇನೆ."

"ಇಲ್ಲೇ ಕೂತು ಮಾಡಿ. ಕಂಪ್ಯೂಟರ್ ಉಂಟು. ಕಪ್ಪನ್ನು ಕಪ್ಪಾಗಿಯೇ ಬಿಡಿ, ಕಣ್ಣು ಕಾಣುವಷ್ಟು ಮಾತ್ರ ಬೆಳಕು ಕೊಡಿ. ಬೇರೆ ಎಂತದೂ ಮುಟ್ಟಬೇಡಿ." ಹೇಳಿ ಒಳಗೆ ಹೋದರು.

ನಾನು ಮೈಯೆಲ್ಲ ಎಚ್ಚರವಾಗಿ ಕುಳಿತೆ. ಮುಖದ ಕಪ್ಪನ್ನು ಮುಟ್ಟಲಿಲ್ಲ. ಗಾಯವನ್ನು ಬಿಟ್ಟೆ, ಕೆಸರನ್ನೂ ಬಿಟ್ಟೆ. ಕಣ್ಣಿನ ಸುತ್ತ ಮಾತ್ರ ಒಂದಿಷ್ಟು ಬೆಳಕು ಏರಿಸಿದೆ. ಮುಗಿಸಿ ನೋಡಿದಾಗ, ಮೊದಲ ಸಲ ಅದು ನಾನು ಘಾಟಿಯಲ್ಲಿ ಕಂಡ ಪ್ರಾಣಿಯ ಹಾಗೆಯೇ ಇತ್ತು. ಕರೆದೆ. ಅವರು ನನಗೂ ಚಹಾ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದರು. ಗಾಯದ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಆಮೇಲೆ ಒರಿಜಿನಲನ್ನು ಪಕ್ಕದಲ್ಲಿ ತೆರೆದರು.

"ನೊಣ ಎಲ್ಲಿ?"

ನೊಣ ಇರಲಿಲ್ಲ. ಯಾವಾಗ ಅಳಿಸಿದೆನೋ ನನಗೆ ನೆನಪೇ ಇಲ್ಲ. ಕಣ್ಣಿನಲ್ಲಿ ಒಂದು ಬೆಳಕಿನ ಚುಕ್ಕೆ ಸಹ ಬಂದು ಕೂತಿತ್ತು. ಅದನ್ನು ಇಟ್ಟದ್ದೂ ನೆನಪಿಲ್ಲ.

"ಸರ್, ಗೊತ್ತಾಗದೆ..."

"ಗೊತ್ತಿದ್ದು ಮಾಡಿದ್ದರೆ ಬೇಡ ಅಂತ ಹೇಳಿ ಬಿಡಿಸಬಹುದಿತ್ತು" ಅಂದರು. "ನಿಮ್ಮ ಕೈ ಒಳ್ಳೆಯದುಂಟು. ನನ್ನ ಕೆಲಸಕ್ಕೆ ಆಗಲಿಕ್ಕಿಲ್ಲ. ಚಾ ಕುಡಿಯಿರಿ, ತಣಿಯುತ್ತದೆ."

ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಬಿಟ್ಟ ಮಕ್ಕಳ ಗದ್ದಲ. ಬೆಳ್ತಂಗಡಿಯ ಬಸ್ಸಿನಲ್ಲಿ ಹಿಂದೆ ಒಂದು ಸೀಟು ಸಿಕ್ಕಿತು. ಅಡ್ಡ ಸೀಟಿನಲ್ಲಿ ಕುಳಿತ ಅಜ್ಜನ ಗಲ್ಲದ ಮೇಲೆ ಸುಟ್ಟ ಕಲೆ ಇತ್ತು. ವೇಣೂರು ದಾಟುವಾಗ ಗೊತ್ತಾಯಿತು, ಅಷ್ಟು ಹೊತ್ತು ನಾನು ಅದನ್ನೇ ನೋಡುತ್ತಿದ್ದೆ: ಕಿವಿಯ ಕೆಳಗಿನ ಚರ್ಮ ತೆಗೆದು ಮುಚ್ಚಿದರೆ ಸರಿಹೊಂದುತ್ತದೆಯೋ, ಹಣೆಯದ್ದು ಸರಿಹೊಂದುತ್ತದೆಯೋ ಎಂದು.