ಮೇಯುವ ಆನೆ ನೋಡಲು ಹೊರಟ ವೆಂಕಟಪ್ಪಣ್ಣ

ವೆಂಕಟಪ್ಪಣ್ಣ ದಾರಿ ಕೇಳುವುದನ್ನು ನೋಡಬೇಕಿತ್ತು. ಒಬ್ಬರನ್ನು ಕನ್ನಡದಲ್ಲಿ, ಇನ್ನೊಬ್ಬರನ್ನು ತಮಿಳಿನಲ್ಲಿ, ಮತ್ತೊಬ್ಬರನ್ನು ತೆಲುಗಿನಲ್ಲಿ ಕೇಳುತ್ತಿದ್ದರು. ಮೂವರೂ ಬೇರೆ ಬೇರೆ ಹೇಳಿದರೆ ಮೂವರ ಮೇಲೂ ಅನುಮಾನ. ಒಂದೇ ದಾರಿ ಹೇಳಿದರೆ ಇನ್ನೂ ಅನುಮಾನ. “ಮೂರೂ ಜನ ಮಾತಾಡ್ಕೊಂಡವ್ರೆ ಕಣ್ಲಾ” ಎಂದು ನನ್ನ ಕಿವಿಯಲ್ಲಿ ಉಸುರುತ್ತಿದ್ದರು.

ಹೊಸೂರಿನ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಾವಿಬ್ಬರೂ ಇದ್ದೆವು. ಮಂಡ್ಯದ ಕಡೆಯಿಂದ ಹೊಸದಾಗಿ ಬಂದ ನನಗೆ ಕೆಲಸ ಕಲಿಸಿದವರು ಅವರೇ. ನಾನು ಅಳೆದ ಬಿಡಿಭಾಗವನ್ನು ಅವರು ಮತ್ತೆ ಅಳೆಯುತ್ತಿದ್ದರು. ತಾವು ಅಳೆದದ್ದನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕ್ಯಾಂಟೀನಿನ ಸಾಂಬಾರನ್ನು ಮೂಸದೆ ಅನ್ನಕ್ಕೆ ಹಾಕಿಕೊಂಡದ್ದನ್ನು ನಾನು ಕಾಣೆ.

ಅಂಥವರು ಒಂದು ದಿನ ಖಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹಳೇ ಜೀಪೊಂದನ್ನು ಕೊಂಡು, ಹೆಂಡತಿ ಲಕ್ಷ್ಮಕ್ಕನ ಜೊತೆ ದೇಶದ ಕಾಡುಗಳನ್ನೆಲ್ಲ ಸುತ್ತಲು ಸಿದ್ಧರಾದರು. ಬಂಡೀಪುರದಿಂದ ಶುರುಮಾಡಿ ಕಾಜಿರಂಗದವರೆಗೆ! ಈಗ ಅನುಮಾನಪಡುವ ಸರದಿ ನಮ್ಮದು. ಗಂಧದ ವ್ಯವಹಾರವಿರಬೇಕು ಎಂದರು ಕೆಲವರು. ವಾಸಿಯಾಗದ ಕಾಯಿಲೆ ಎಂದರು ಇನ್ನು ಕೆಲವರು.

“ಏನಣ್ಣಾ ಇದು, ನಿಜ ಹೇಳಿ” ಎಂದು ನಾನು ಕೇಳಿಯೇಬಿಟ್ಟೆ.

ಅವರು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಅದರಲ್ಲಿ ಆನೆಯೊಂದು ನೆಮ್ಮದಿಯಾಗಿ ನಿಂತು ಹುಲ್ಲು ಮೇಯುತ್ತಿತ್ತು.

“ಇದು ನಿಜ ಅಂತೀಯಾ? ನಾನು ಡೆಂಕಣಿಕೋಟೆ ತಾವ ಹುಟ್ಟಿದೋನು. ರಾಗಿ ಹೊಲಕ್ಕೆ ಬಂದ ಆನೆನಾ ಡಬ್ಬ ಬಡ್ದು ಓಡ್ಸಿ ಬೆಳೆದೋನು. ನಾನು ಕಂಡಿರೋದೆಲ್ಲಾ ಓಡೋ ಆನೆ, ಇಲ್ಲಾ ಅಟ್ಟಿಸ್ಕೊಂಡು ಬರೋ ಆನೆ. ಹಿಂಗೆ ನಿಂತ್ಕೊಂಡು ಮೇಯೋದನ್ನ ಒಂದ್ಸಲಾನೂ ಕಂಡಿಲ್ಲ. ಯಾರೋ ಸರಪಳಿ ಹಾಕಿ ಫೋಟೋ ತೆಗ್ದವ್ರೆ. ಕಾಲು ಕಾಣ್ಬಾರ್ದು ಅಂತ್ಲೇ ಹುಲ್ಲಾಗೆ ನಿಲ್ಸವ್ರೆ. ಸಾಯೋದ್ರೊಳ್ಗೆ ನಾನೇ ಕಣ್ಣಾರೆ ನೋಡ್ಬೇಕು ಕಣ್ಲಾ.”

ಇಷ್ಟಕ್ಕೆ ಯಾರಾದರೂ ಕೆಲಸ ಬಿಡುತ್ತಾರೆಯೇ? ನನಗೆ ನಂಬಿಕೆ ಬರಲಿಲ್ಲ. ರಜೆ ಹಾಕಿ ಬಂಡೀಪುರದವರೆಗೆ ನಾನೂ ಜೀಪು ಹತ್ತಿದೆ. ದಾರಿಯಲ್ಲಿ ಗಂಡ ಹೆಂಡತಿ ಟೀ ಕುಡಿಯಲು ಇಳಿದಾಗ ಸೀಟಿನ ಕೆಳಗೆಲ್ಲ ತಡಕಾಡಿದೆ. ಸಿಕ್ಕಿದ್ದು ರಾಗಿ ಹಿಟ್ಟು, ಸೀಮೆಎಣ್ಣೆ ಸ್ಟೌ, ಒಂದು ಉಪ್ಪಿನಕಾಯಿ ಜಾಡಿ.

ಗುಂಡ್ಲುಪೇಟೆ ದಾಟಿ ಕಾಡು ಹೊಕ್ಕ ಸ್ವಲ್ಪ ಹೊತ್ತಿಗೆ ರಸ್ತೆಯ ಪಕ್ಕದಲ್ಲೇ ಆನೆ ಕಂಡಿತು. ಬಿದಿರು ಮುರಿದು ಮೇಯುತ್ತಿತ್ತು. ವೆಂಕಟಪ್ಪಣ್ಣ ಇಂಜಿನ್ ಆಫ್ ಮಾಡಿದರು.

“ಕಾಲು ನೋಡ್ಲಾ, ಸರಪಳಿ ಐತಾ?”

ನಾನು ಇಣುಕುವಷ್ಟರಲ್ಲಿ ಆನೆ ಕಿವಿ ಅಗಲಿಸಿ ನಮ್ಮ ಕಡೆ ತಿರುಗಿತು. ಅಷ್ಟೇ. ಅವರ ಕೈ ತಾನಾಗಿ ಜೀಪಿನ ಬಾಗಿಲನ್ನು ಧಬಧಬ ಬಡಿಯತೊಡಗಿತು. ಬಾಯಿಂದ “ಹೋಯ್! ಹೋಯ್!” ಎಂಬ ಹೊಲದ ಕೂಗು ಹೊರಟಿತು. ಆನೆ ಬಿದಿರು ಬಿಸಾಡಿ ಕಾಡೊಳಗೆ ಓಡಿತು.

ನನಗೆ ನಗು ತಡೆಯಲಾಗಲಿಲ್ಲ. ಅವರ ಮುಖ ನೋಡಿದ ಮೇಲೆ ನಗು ನಿಂತಿತು. “ಈ ಕೈ ನಂಗೇ ದ್ರೋಹ ಮಾಡ್ಬುಡ್ತಲ್ಲಾ” ಎಂದು ಅಂಗೈಯನ್ನೇ ನೋಡುತ್ತಾ ಕೂತರು. ಕಣ್ಣು ತುಂಬಿತ್ತು. ನನ್ನ ಅನುಮಾನ ಹೋದದ್ದು ಆಗಲೇ.

ಮರುದಿನ ಗುಂಡ್ಲುಪೇಟೆಯಲ್ಲಿ ನನ್ನನ್ನು ಬಸ್ಸು ಹತ್ತಿಸಿದರು. ಕಂಡಕ್ಟರನ ಮಾತು ಸಾಲದೆ ಬಸ್ಸಿನ ಬೋರ್ಡನ್ನು ಎದುರು ಹೋಗಿ ಓದಿಕೊಂಡು ಬಂದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ.

ತಿರುಗಾಟ ಮುಗಿಸಿ ಊರಿಗೆ ಬಂದ ಕೆಲವೇ ದಿನಗಳಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ತಿಥಿಗೆ ಹೋದಾಗ ಲಕ್ಷ್ಮಕ್ಕ ಒಂದು ಫೋಟೋ ಕೈಗಿಟ್ಟರು. ಜೀಪಿನ ಹಿಂದಿನ ಸೀಟಿನಿಂದ ಆಕೆಯೇ ತೆಗೆದದ್ದು, ಸ್ವಲ್ಪ ವಾರೆಯಾಗಿತ್ತು. ಗಾಜಿನಾಚೆ ಬಯಲಲ್ಲಿ ಆನೆ. ನಾನು ಅವರ ಶಿಷ್ಯನಲ್ಲವೇ, ಮೊದಲು ಕಾಲು ನೋಡಿದೆ. ನಾಲ್ಕೂ ಕಾಣುತ್ತಿದ್ದವು. ಸರಪಳಿ ಇರಲಿಲ್ಲ.

“ಕಾಲಲ್ಲಪ್ಪಾ, ಅವ್ರ ಕೈ ನೋಡು” ಎಂದರು ಲಕ್ಷ್ಮಕ್ಕ. “‘ಈ ಕೈಯ ನಂಬಕಾಗಲ್ಲ, ಕಟ್ಬುಡು’ ಅಂದ್ರು. ನಾನೇ ಕಟ್ದೆ.”

ವೆಂಕಟಪ್ಪಣ್ಣನ ಎರಡೂ ಕೈಗಳನ್ನು ಟವೆಲ್ಲಿನಿಂದ ಸ್ಟೇರಿಂಗಿಗೆ ಬಿಗಿಯಲಾಗಿತ್ತು. ಆನೆ ಅವರ ಕಡೆಗೇ ಮುಖಮಾಡಿ ಮೇಯುತ್ತಿತ್ತು.