ಎಂಟು ಎಣಿಸುವವರೆಗೆ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನಂಬದೇ ಇರಲು ನಾನೇ ನಾಲ್ಕು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ, ಊರು ಯಾವುದೆಂದು ಹೇಳುವುದಿಲ್ಲ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆಯೇ ಇದೆ.

ಆಗ ನಾನು ಬಿ.ಎಸ್ಸಿ. ಮುಗಿಸಿ, ತೀರ್ಥಹಳ್ಳಿಯಲ್ಲಿ ಮಲೇರಿಯಾ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮನೆ ಮನೆಗೆ ಹೋಗಿ ಜ್ವರದವರಿದ್ದಾರೆಯೇ ಎಂದು ಕೇಳುವುದು, ಇದ್ದರೆ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಹಚ್ಚಿಕೊಳ್ಳುವುದು, ಗುಳಿಗೆ ಕೊಟ್ಟು ಮುಂದಿನ ಮನೆಗೆ ಸೈಕಲ್ ತುಳಿಯುವುದು. ವಾರದಲ್ಲಿ ಆರು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಇದೇ ಆಗಿತ್ತು. ಭಾನುವಾರ ಮಾತ್ರ ನನ್ನದು. ಅವತ್ತು ಅದೇ ಸೈಕಲ್ಲಿನ ಹಿಂದೆ ಗುಳಿಗೆ ಪೆಟ್ಟಿಗೆಯ ಬದಲು ಕ್ಯಾಮೆರಾ ಮತ್ತು ಅದರ ಮೂರು ಕಾಲಿನ ಸ್ಟ್ಯಾಂಡು ಇರುತ್ತಿದ್ದವು. ಇಕ್ಕೇರಿ, ನಗರದ ಕೋಟೆ, ಹೊಸನಗರದ ಕಡೆಯ ಗುಡ್ಡಗಳು... ರಜೆ ಸಿಕ್ಕಿದರೆ ಸಾಕು, ಹೊರಟುಬಿಡುತ್ತಿದ್ದೆ. ಅದೊಂದು ಹುಚ್ಚು. ಕಂಡದ್ದೆಲ್ಲ ನನಗೆ ಚಿತ್ರವಾಗಿಯೇ ಕಾಣುತ್ತಿತ್ತು.

ಹಳ್ಳಿಗಳಲ್ಲಿ ನನ್ನನ್ನು ಮಲೇರಿಯಾ ಡಾಕ್ಟ್ರು ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ಕೇಳಲು ಹಿತವಾಗಿತ್ತು.

ಆ ಭಾನುವಾರ ಕವಲೇದುರ್ಗಕ್ಕೆ ಹೋಗಿದ್ದೆ. ಚಳಿಗಾಲ, ಭತ್ತದ ಕೊಯ್ಲು ಮುಗಿದು ಒಕ್ಕಲಾಟದ ಸಮಯ. ಕೋಟೆಯ ಮೇಲೆ ಬಿಸಿಲಿಗಾಗಿ ಕಾದು ಕಾದು ಹೊತ್ತು ಹೋದದ್ದೇ ತಿಳಿಯಲಿಲ್ಲ. ಇಳಿದು ಸೈಕಲ್ ಹತ್ತಿದಾಗ ಸೂರ್ಯ ಗುಡ್ಡದ ಹಿಂದೆ ಹೋಗಿದ್ದ. ರೋಲಿನಲ್ಲಿ ಇನ್ನೂ ಎರಡು ಚಿತ್ರ ಉಳಿದಿದ್ದವು.

ಒಂದು ತಿರುವಿನಲ್ಲಿ ಒಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು. ನಾನು ಹಿಂದೆ ಅವರ ಮನೆಗೆ ರಕ್ತ ತೆಗೆಯಲು ಹೋದದ್ದುಂಟು. ದೇವಪ್ಪಗೌಡರು.

“ಡಾಕ್ಟ್ರೇ, ಬೆಳಗ್ಗೆ ನೀವು ಮೇಲೆ ಹೋಗಿದ್ದು ನೋಡಿದ್ರಂತೆ ನಮ್ಮವರು. ಅದಕ್ಕೇ ಕಾಯ್ತಾ ನಿಂತೆ. ಅದು ಫೋಟೋ ತೆಗಿಯೋದೇ ಅಲ್ವಾ?”

ಹೌದು ಎಂದೆ.

“ಒಂದು ಉಪಕಾರ ಆಗ್ಬೇಕಿತ್ತು ಮಾರಾಯ್ರೆ,” ಎಂದರು.

ನಡೆಯುತ್ತಾ ವಿಷಯ ಹೇಳಿದರು. ಅವರ ತಮ್ಮ ಶೇಷಪ್ಪನ ಹೆಂಡತಿ ಶಾರದೆ ತೀರಿಕೊಂಡಿದ್ದಳು. ಹಿಂದಿನ ರಾತ್ರಿ ಗಂಡ ಹೆಂಡತಿ ಇಬ್ಬರೂ ಭತ್ತ ಕಾಯಲು ಕಣದಲ್ಲೇ ಹುಲ್ಲು ಹಾಸಿಕೊಂಡು ಮಲಗಿದ್ದರು. ಬೆಳಗ್ಗೆ ಅವನು ಎದ್ದ, ಅವಳು ಏಳಲಿಲ್ಲ. ಜ್ವರವಿಲ್ಲ, ಗಾಯವಿಲ್ಲ, ನಂಜಿನ ಬಣ್ಣವಿಲ್ಲ. ಗಾಳಿ ಸೋಕಿದ್ದು ಎಂದು ಒಬ್ಬರು, ಎದೆ ನಿಂತದ್ದು ಎಂದು ಇನ್ನೊಬ್ಬರು. ಅವಳ ತವರು ಬ್ಯಾಕೋಡಿನ ಕಡೆ. ಬೆಳಗಿನ ಜಾವವೇ ಆಳನ್ನು ಅಟ್ಟಿದ್ದರು. ಆದರೆ ಅಲ್ಲಿ ಅಣೆಕಟ್ಟಿನ ನೀರು ತುಂಬಿದ ಮೇಲೆ ಹಳೆಯ ದಾರಿಯೆಲ್ಲ ಮುಳುಗಿಹೋಗಿದೆ, ಲಾಂಚಿನಲ್ಲಿ ನೀರು ದಾಟಿ ಬರಬೇಕು. ಅಪ್ಪ ಬರುವಾಗ ನಾಳೆ ಮಧ್ಯಾಹ್ನವಾದೀತು. ಬೆಳಗಿನಿಂದ ಊರಿನಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಇನ್ನು ಕಾಯುವಂತಿರಲಿಲ್ಲ.

ಅಪ್ಪನಿಗೆ ಮಗಳ ಮುಖ ತೋರಿಸಲು ಒಂದು ಫೋಟೋ ಬೇಕಿತ್ತು. ಬದುಕಿದ್ದಾಗ ಅವಳದ್ದು ಒಂದೂ ತೆಗೆಸಿರಲಿಲ್ಲ.

ನಾನು ಒಪ್ಪಿದೆ. ಕರುಣೆಯಿಂದ ಒಪ್ಪಿದೆ ಎಂದು ಬರೆಯಬೇಕೆನಿಸುತ್ತದೆ... ನಿಜ ಹೇಳಬೇಕೆಂದರೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ನಿಧಾನಕ್ಕೆ ತೆಗೆಯುವ ಮುಖದ ಚಿತ್ರವನ್ನು ನಾನು ಅಲ್ಲಿಯವರೆಗೆ ತೆಗೆದಿರಲಿಲ್ಲ. ಅದರ ಆಸೆ ದೊಡ್ಡದಿತ್ತು.

ಕಣದಲ್ಲಿ ಹೊಸ ಹುಲ್ಲಿನ ವಾಸನೆ, ಊದುಬತ್ತಿ, ಸೀಮೆಎಣ್ಣೆ. ಎರಡು ಪೆಟ್ರೋಮ್ಯಾಕ್ಸ್‌ಗಳು ಸುಯ್‌ಗುಡುತ್ತಿದ್ದವು. ಚಾಪೆಯ ಮೇಲೆ ಅವಳನ್ನು ಮಲಗಿಸಿ ಮದುವೆಯ ಸೀರೆ ಉಡಿಸಿದ್ದರು. ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಶೇಷಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಬೆಳಗಿನಿಂದ ಒಂದು ಮಾತನ್ನೂ ಆಡಿಲ್ಲವೆಂದು ಯಾರೋ ಪಿಸುಗುಟ್ಟಿದರು.

ನಾನು ಸ್ಟ್ಯಾಂಡು ಬಿಚ್ಚುತ್ತಿದ್ದಾಗ ಮನೆಯ ಹಿರಿಯ ಅತ್ತೆಯೊಬ್ಬರು ಮೆಲ್ಲಗೆ ಹೇಳಿದರು: “ಹೆಂಗೂ ಡಾಕ್ಟ್ರು ಬಂದಾರಲ್ಲ, ಒಂದ್ಸಲ ಕೈ ಹಿಡ್ದು ನೋಡ್ಲಿ. ನಂಗೆ ಬೆಳಗಿಂದ ಎಂತೋ ಸಮಾಧಾನ ಇಲ್ಲ.”

“ಬೆಳಗಿಂದ ನೋಡಿದ್ದೇ ನೋಡಿದ್ದು. ಇನ್ನೆಂತ ನೋಡೋದು ಅತ್ತೆ,” ಎಂದರು ದೇವಪ್ಪ. ಆದರೂ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು.

ನಾನು ಡಾಕ್ಟರಲ್ಲ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮಂಡಿಯೂರಿ ಕುಳಿತು ಅವಳ ಮಣಿಕಟ್ಟು ಹಿಡಿದೆ. ಚಳಿಯಲ್ಲಿ ಸೈಕಲ್ ತುಳಿದು ನನ್ನ ಬೆರಳುಗಳೇ ಮರಗಟ್ಟಿದ್ದವು. ಅವಳ ಕೈ ತಣ್ಣಗಿತ್ತು. ನಾಡಿ ಸಿಗಲಿಲ್ಲ. ನಾಡಿ ಹುಡುಕುವುದನ್ನು ನನಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ ಎಂಬುದು ಬೇರೆ ಮಾತು. ಐದು ಉಸಿರಿನಷ್ಟು ಹೊತ್ತು ಹಿಡಿದಿರಬಹುದು. ಬೆಳಕನ್ನು ಎಲ್ಲಿಡಬೇಕೆಂದು ಆಗಲೇ ಯೋಚಿಸುತ್ತಿದ್ದೆ.

“ಇಲ್ಲ. ಹೋಗಿದೆ,” ಎಂದೆ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಇಬ್ಬರು ಹೆಂಗಸರು ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಮೈ ಮೆತ್ತಗೆ ಬಾಗಿತು. ನಿದ್ದೆಗೆ ಬಿದ್ದವರನ್ನು ಎತ್ತಿ ಕೂರಿಸಿದಂತೆ... ತಲೆ ವಾಲದಿರಲಿ ಎಂದು ಹೂವಿನ ಮರೆಯಲ್ಲಿ ಬಟ್ಟೆ ಕಟ್ಟಿದರು. ಕೈಗಳನ್ನು ಮಡಿಲಲ್ಲಿಟ್ಟರು.

ಅಷ್ಟು ಮಂದ ಬೆಳಕಿನಲ್ಲಿ ಕ್ಯಾಮೆರಾದ ಕಣ್ಣು ಎಂಟು ಸೆಕೆಂಡು ತೆರೆದಿರಬೇಕಿತ್ತು. ಅಷ್ಟು ಹೊತ್ತಿನಲ್ಲಿ ಅಲುಗಾಡಿದ್ದೆಲ್ಲ ಚಿತ್ರದಲ್ಲಿ ಹೊಗೆಯಂತೆ ಕಲೆಸಿಹೋಗುತ್ತದೆ. ಅದಕ್ಕೇ ಹೇಳಿದೆ: “ನಾನು ಎಂಟು ಎಣಿಸ್ತೀನಿ. ಎಂಟು ಅನ್ನೋವರೆಗೆ ಯಾರೂ ಅಲುಗಾಡ್ಬಾರ್ದು. ಎಲ್ಲರ ಕಣ್ಣು ಈ ಗಾಜಿನ ಮೇಲೇ ಇರ್ಬೇಕು.”

ಮೊದಲ ಚಿತ್ರ ಮನೆಯವರೆಲ್ಲರ ಜೊತೆ. ಎರಡನೆಯದಕ್ಕೆ ಶೇಷಪ್ಪನೊಬ್ಬನೇ ಅವಳ ಪಕ್ಕ ನಿಂತ. ಉಳಿದವರು ಚಿತೆಗೆ ಕಟ್ಟಿಗೆ ಒಟ್ಟಲು ಹೋಗಿದ್ದರು. ಕತ್ತಲಲ್ಲಿ ಸೌದೆ ಇಳಿಸುವ ಸದ್ದು ಕೇಳುತ್ತಿತ್ತು. ನಾನು ಗುಂಡಿ ಒತ್ತಿ ಹಿಡಿದು, ಗಡಿಯಾರದ ಮುಳ್ಳು ನೋಡುತ್ತಾ ಎಣಿಸಿದೆ.

ಒಂದು... ಎರಡು... ಮೂರು...

ಇದನ್ನು ಓದುವವರು ಒಂದನ್ನು ಗಮನಿಸಬೇಕು. ಮೊದಲ ಸಲ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಅವಳನ್ನು ನೋಡುತ್ತಿದ್ದವರು ಯಾರೂ ಇರಲಿಲ್ಲ. ಎರಡನೆಯ ಸಲವೂ ಹಾಗೇ ಎಂದುಕೊಂಡಿದ್ದೆ.

ಎಂಟು ಎಂದು ತಲೆ ಎತ್ತಿದೆ. ಅವಳು ಕೂರಿಸಿದ ಹಾಗೇ ಇದ್ದಳು. ಕಣ್ಣು ಮುಚ್ಚಿತ್ತು. ಶೇಷಪ್ಪ ಇನ್ನೂ ಅಲುಗಾಡದೆ ನಿಂತಿದ್ದ. ಆ ಚಳಿಯಲ್ಲಿ ಅವನ ಹಣೆಯ ತುಂಬ ಬೆವರು.

“ಆಯ್ತಾ?” ಎಂದ. ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು.

ಆಯ್ತು ಎಂದೆ.

ನಾನು ಅಲ್ಲಿ ನಿಲ್ಲಲಿಲ್ಲ. ಏರು ಹತ್ತಿ ತಿರುಗಿ ನೋಡಿದಾಗ ಗದ್ದೆಯ ಆಚೆ ಕೆಂಪಗೆ ಬೆಳಕು ಏಳುತ್ತಿತ್ತು. ಇದ್ದಕ್ಕಿದ್ದಂತೆ ಜನರ ಗದ್ದಲ ಎದ್ದಿತು, ಏನೋ ಕಂಡಾಗ ಏಳುವಂಥದ್ದು. ಮತ್ತೆ ಹಾಗೇ ನಿಂತುಹೋಯಿತು. ನಾಯಿಗಳು ಮಾತ್ರ ಬಹಳ ಹೊತ್ತು ಕೂಗಿದವು. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಸುಡುವ ವಾಸನೆ ಸೈಕಲ್ಲಿನ ಹಿಂದೆಯೇ ಬಂತು.

ಮಾರನೆಯ ದಿನ ಕೆಲಸ ಮುಗಿಸಿ ಬಂದು, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ರೋಲು ತೊಳೆದೆ. ಒಣಗಿದ ಮೇಲೆ ಕೆಂಪು ಬಟ್ಟೆ ಸುತ್ತಿದ ದೀಪದ ಕೆಳಗೆ ಒಂದೊಂದನ್ನೇ ಕಾಗದಕ್ಕೆ ಇಳಿಸಿದೆ.

ಮೊದಲ ಚಿತ್ರ ದ್ರಾವಣದಲ್ಲಿ ಮೆಲ್ಲಗೆ ಮೂಡಿತು. ಎಲ್ಲರೂ ಸ್ಪಷ್ಟವಾಗಿದ್ದರು. ಅವಳ ಮುಖವೂ ಸ್ಪಷ್ಟ. ಆದರೆ ಬಲಗೈ ಇರಲಿಲ್ಲ. ಬಳೆಗಳಿಂದ ಕೆಳಗೆ ಹೊಗೆಯಂಥದ್ದೊಂದು ಮಡಿಲಿನಿಂದ ಪಕ್ಕಕ್ಕೆ, ಪಕ್ಕದಲ್ಲಿ ನಿಂತಿದ್ದ ಅತ್ತೆಯ ಸೆರಗಿನ ಕಡೆಗೆ ಹೋಗಿತ್ತು.

ಕೈ ಜಾರಿರಬೇಕು ಎಂದುಕೊಂಡೆ. ಸತ್ತವರ ಕೈ ಜಾರುವುದಿಲ್ಲವೇ?

ಆದರೆ ಎಂಟು ಎಣಿಸಿ ಮುಗಿಸಿ ನಾನು ನೋಡಿದಾಗ ಕೈ ಮಡಿಲಲ್ಲೇ ಇತ್ತು. ಜಾರಿದ ಕೈ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ.

ಎರಡನೆಯದನ್ನು ದ್ರಾವಣಕ್ಕೆ ಹಾಕಿದೆ. ಮೊದಲು ಕುರ್ಚಿ ಮೂಡಿತು. ಆಮೇಲೆ ಸೀರೆಯ ಜರಿ. ಆಮೇಲೆ ಮುಖ...

ಕಣ್ಣು ತೆರೆದಿತ್ತು.

ಎರಡೂ ಕಣ್ಣು, ಅಗಲವಾಗಿ, ನೇರವಾಗಿ ಕ್ಯಾಮೆರಾದ ಕಡೆಗೆ. ಒಂದಿಷ್ಟೂ ಕಲೆಸಿರಲಿಲ್ಲ. ಎಂದರೆ ಎಂಟೂ ಸೆಕೆಂಡು ತೆರೆದೇ ಇತ್ತು. ರೆಪ್ಪೆಯ ಮೇಲೆ ಬಿದ್ದ ದೀಪದ ಬೆಳಕಿರಬಹುದೆಂದು ಭೂತಗನ್ನಡಿ ಹಿಡಿದೆ. ಗುಡ್ಡೆಯೊಳಗೆ ಎರಡು ಪೆಟ್ರೋಮ್ಯಾಕ್ಸ್‌ಗಳ ಚುಕ್ಕೆಗಳು ಕಾಣುತ್ತಿದ್ದವು.

ಶೇಷಪ್ಪ ಕ್ಯಾಮೆರಾ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಮುಖವೂ ಕಲೆಸಿರಲಿಲ್ಲ.

ಬಚ್ಚಲಿನ ನೆಲದ ಮೇಲೆ ಕುಳಿತೆ. ಆಗ ನೆನಪಾಯಿತು, ಕುರ್ಚಿಗೆ ಎತ್ತಿದಾಗ ಆ ಮೈ ಬಾಗಿದ ರೀತಿ. ಸತ್ತು ಹಗಲಿಡೀ ಕಳೆದ ದೇಹ ಸೆಟೆದಿರಬೇಕು ಎಂಬುದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ನನಗೆ ಗೊತ್ತಿತ್ತು. ವಾರದ ಆರು ದಿನ ಬೆರಳಿಗೆ ಸೂಜಿ ಚುಚ್ಚುವವನು ನಾನು. ಅವತ್ತು ಚುಚ್ಚಿ ನೋಡಲು ಸೂಜಿ ಇರಲಿಲ್ಲ, ನನ್ನ ಕೋಣೆಯಲ್ಲಿತ್ತು. ಭಾನುವಾರವಾಗಿತ್ತಲ್ಲ.

ಯಾರಿಗಾದರೂ ಹೇಳಬೇಕೆಂದು ಎರಡು ಸಲ ಹೊರಟೆ, ಎರಡು ಸಲವೂ ತಿರುಗಿ ಬಂದೆ. ಸತ್ತಿದ್ದಾಳೆಂದು ಹೇಳಿದವರು ಯಾರು ಎಂದೇ ಮೊದಲು ಕೇಳುತ್ತಾರೆ.

ಕೆಲಸದ ಮೇಲೆ ಸಾಗರಕ್ಕೆ ಹೋದಾಗ ಪರಿಚಯದ ಡಾಕ್ಟರೊಬ್ಬರನ್ನು, ಎಲ್ಲೋ ಕೇಳಿದ ಸಂಗತಿ ಎಂಬಂತೆ ವಿಚಾರಿಸಿದೆ. ಒಂದು ಜಾತಿಯ ಹಾವಿದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗುರುತೂ ಕಾಣುವುದಿಲ್ಲ, ಮೈಯೆಲ್ಲ ಸೋತು ಉಸಿರು ಎಳೆಯಷ್ಟಾಗುತ್ತದೆ, ನೋಡಿದವರಿಗೆ ಹೆಣವೇ, ಎಂದರು. ಹಾಗಾದರೆ ಆ ಸ್ಥಿತಿಯಲ್ಲಿ ಕಣ್ಣು ಬಿಡಬಹುದೇ ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. “ರೆಪ್ಪೆಯೇ ಮೊದಲು ಸೋಲೋದು. ಅದೊಂದು ಮಾತ್ರ ಸಾಧ್ಯವಿಲ್ಲ.”

ಸತ್ತಿದ್ದರೆ ಕೈ ಎತ್ತುವಂತಿಲ್ಲ. ಬದುಕಿದ್ದರೆ ಕಣ್ಣು ಬಿಡುವಂತಿಲ್ಲ. ಮತ್ತೆ ನನ್ನ ಕೈಯಲ್ಲಿರುವುದು ಯಾರ ಚಿತ್ರ?

ಹತ್ತು ದಿನದ ಮೇಲೆ ಅವಳ ಅಪ್ಪ ನನ್ನ ಕೋಣೆ ಹುಡುಕಿಕೊಂಡು ಬಂದರು. ಕಂಬಳಿ ಹೊದ್ದ, ಮಾತು ಕಡಿಮೆಯ ಮನುಷ್ಯ. ನಾನು ಮೊದಲ ಚಿತ್ರವನ್ನು ಎದೆಯ ಮಟ್ಟಕ್ಕೆ ಕತ್ತರಿಸಿ ಇಟ್ಟಿದ್ದೆ. ಕೈಗಳು ಅದರಲ್ಲಿ ಇರಲಿಲ್ಲ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಒಳ್ಳೆ ನಿದ್ದೆ ಮಾಡ್ದಂಗೆ ಅದಾಳೆ,” ಎಂದರು. ಅದನ್ನು ಕಂಬಳಿಯೊಳಗೆ ಇಟ್ಟುಕೊಳ್ಳುತ್ತಾ, “ಕೊನೆಗೆ ನೀವು ಇದ್ರಂತಲ್ಲ ಡಾಕ್ಟ್ರೇ. ಕಷ್ಟ ಎಂತ ಪಟ್ಟಿಲ್ಲ ಅಲ್ವಾ?”

“ಇಲ್ಲ,” ಎಂದೆ.

ಅವರು ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಹಿಂದೆ ಸರಿದೆ.

ಶೇಷಪ್ಪ ಬಂದದ್ದು ಅದಾದ ಮೇಲೆ, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಒಳಗೆ ಬಂದು ತಾನೇ ಬಾಗಿಲು ಮುಂದೆ ಮಾಡಿದ. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ. ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅವನು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಇವತ್ತಿಗೂ ನನ್ನ ನಿದ್ದೆಯಲ್ಲಿ ಅವನು ಹಾಗೇ ನಿಂತಿರುತ್ತಾನೆ.

“ಮಾವಂಗೆ ಕೊಟ್ಟಿದ್ದು ನೋಡ್ದೆ,” ಎಂದ. “ಇನ್ನೊಂದಿತ್ತಲ್ಲ, ನಂದು ಅವಳ್ದು.”

ಅದು ಬರಲಿಲ್ಲ, ಬೆಳಕು ಬಿದ್ದು ಹಾಳಾಯಿತು ಎಂದೆ. ಆ ಚಿತ್ರ ಅವನ ಪಕ್ಕದ ಮೇಜಿನ ಮೇಲೆ, ಒಂದು ಪುಸ್ತಕದೊಳಗೆ ಇತ್ತು.

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

“ನೀವು ಒಂದು ಅಂದಾಗ ಬಿಟ್ಲು ಕಣ್ಣು,” ಎಂದ. “ಎಂಟು ಅಂದ ಕೂಡ್ಲೇ ಮುಚ್ಚಿದ್ಲು. ಅಷ್ಟು ಹೊತ್ತೂ ನಾನು ನೋಡ್ತಾನೇ ಇದ್ದೆ.”

ಕೂಗಬಾರದಿತ್ತೇ, ನನಗಾದರೂ ಹೇಳಬಾರದಿತ್ತೇ ಎಂದು ಹೇಗೋ ಕೇಳಿದೆ.

“ನೀವು ಅಲುಗಾಡ್ಬೇಡಿ ಅಂದಿದ್ರಿ,” ಎಂದ. ಆಮೇಲೆ ಇನ್ನೂ ಮೆಲ್ಲಗೆ ಹೇಳಿದ: “ಕೂಗಬೇಕು ಅನ್ನಿಸ್ತು. ಆದ್ರೆ ನೀವು ಕೈ ಹಿಡ್ದು ನೋಡಿ ಹೇಳಿದ್ರಲ್ಲ, ಹೋಗಿದೆ ಅಂತ. ಹೋದೋಳು ಕಣ್ಣು ಬಿಟ್ರೆ ಅದು ಅವಳಲ್ಲ, ಬೇರೆ ಎಂತದೋ ಅಂದ್ಕೊಂಡೆ. ಅದಕ್ಕೇ ನಾನೇ ಬೇಗ ಬೆಂಕಿ ಇಟ್ಟೆ.”

ಹೆದರಿದವನ ಮಾತೋ, ಹೆದರಿಸಲು ಬಂದವನ ಮಾತೋ, ಇವತ್ತಿಗೂ ನನಗೆ ತಿಳಿದಿಲ್ಲ. ಏರಿನ ಮೇಲೆ ಕೇಳಿದ ಆ ಗದ್ದಲ ಏನೆಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಉತ್ತರ ಅವನಿಗೆ ಗೊತ್ತಿತ್ತು ಎಂಬುದು ಮಾತ್ರ ಅವನ ಕಣ್ಣಿನಲ್ಲಿ ಕಾಣುತ್ತಿತ್ತು.

ಬಾಗಿಲು ತೆಗೆದು ಹೊರಗೆ ಕಾಲಿಟ್ಟವನು ತಿರುಗಿ ನಿಂತ.

“ಹಾಳಾಗಿಲ್ಲ ಅದು, ನಂಗೊತ್ತು. ನಂಗೆ ಬೇಡ. ಮಾವಂಗೂ ತೋರಿಸ್ಬೇಡಿ. ನೀವೇ ಇಟ್ಕೊಳ್ಳಿ.”

ಇಟ್ಟುಕೊಂಡಿದ್ದೇನೆ. ಒಂದು ರಾತ್ರಿ ಒಲೆಯ ಮುಂದೆ ಕುಳಿತು, ಅದರ ಅಂಚನ್ನು ಉರಿಗೆ ಹಿಡಿಯುವವರೆಗೂ ಹೋದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕೈ ಹಿಂದಕ್ಕೆ ಬಂತು. ಹೋಗಿದೆ ಎಂದು ಹೇಳಿ ಅವಳನ್ನು ಒಮ್ಮೆ ಸುಡಿಸಿದವನು ನಾನೇ, ಇನ್ನೊಮ್ಮೆ ಸುಡಲು ನನ್ನ ಕೈಯಿಂದ ಆಗಲಿಲ್ಲ.